ಕಾಡಿನ ಕಿಚ್ಚು ಆರಿದೆ, ನನ್ನ ಹೊಟ್ಟೆಕಿಚ್ಚು ಆರಿಲ್ಲ

ವಿಪತ್ತು ನಿರ್ವಹಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಕತ್ತೆಯ ಒಂದು ಪಕ್ಕದಲ್ಲಿ ನನ್ನ ಷಡ್ಡಕನನ್ನು ನಿಲ್ಲಿಸಿ, ಇನ್ನೊಂದು ಪಕ್ಕದಲ್ಲಿ ತಾವು ನಿಂತು ತೆಗೆಸಿಕೊಂಡ ಫೋಟೊ ಈಗ ಊರಿನ ಗೋಡೆ ಗೋಡೆಯ ಮೇಲೂ ಇದೆ. ಷಡ್ಡಕನ ಕೈಯಲ್ಲಿ ತಾವು ಕೊಟ್ಟ ಗಾಜಿನ ಫಲಕ. ಕೆಳಗೆ ದಪ್ಪ ಅಕ್ಷರಗಳಲ್ಲಿ ‘ಮೂಕಪ್ರಾಣಿಗಳ ಆಪದ್ಬಾಂಧವ’ ಎಂಬ ಬಿರುದು. ಕತ್ತೆ ಯಾರದು ಎಂಬುದನ್ನು ಮಾತ್ರ ಎಲ್ಲಿಯೂ ಬರೆಸಿಲ್ಲ. ಕತ್ತೆ ನನ್ನದು, ಸ್ವಾಮಿ. ಕಾಡಿಗೆ ಬೆಂಕಿ ಬಿದ್ದ ದಿನ ಅದನ್ನು ಕರೆತರಲು ಹೊರಟ ನನ್ನನ್ನು ತಮ್ಮ ಕಚೇರಿಯವರು ಸೇತುವೆಯ ಬಳಿ ತಡೆದು ನಿಲ್ಲಿಸಿದರು. ನನ್ನ ಕಣ್ಣೆದುರಿಗೇ ನನ್ನ ಷಡ್ಡಕನಿಗೆ ದಾರಿ ಬಿಟ್ಟರು. ಇದೇ ನನ್ನ ದೂರು.

ಇಂಥ ಪತ್ರ ಬರೆಯುವವರು ಸಾಮಾನ್ಯವಾಗಿ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಆರಂಭಿಸುತ್ತಾರೆ. ನನಗೆ ಆ ಭಾಗ್ಯವಿಲ್ಲ. ನಾನು ಬರೆಯುತ್ತಿರುವುದು ಶುದ್ಧ ಹೊಟ್ಟೆಕಿಚ್ಚಿನಿಂದ. ಓದಿದವರು ನಗುವುದಾದರೆ ನಗಲಿ, ನನ್ನ ಹೆಂಡತಿ ಆಗಲೇ ನಕ್ಕಾಗಿದೆ. ಆದರೆ ಹೊಟ್ಟೆಕಿಚ್ಚಿನವನ ಮಾತೆಂದು ಈ ಪತ್ರವನ್ನು ಬುಟ್ಟಿಗೆ ಹಾಕಬೇಡಿ. ಮೆಚ್ಚಿಕೊಂಡವರ ಕಣ್ಣು ಮಂಜಾಗಿರುತ್ತದೆ. ಕರುಬುವವನ ಕಣ್ಣಿಗೆ ಎಲ್ಲವೂ ನಿಚ್ಚಳ. ತಮ್ಮ ವ್ಯವಸ್ಥೆಯ ಲೋಪ ನನಗೆ ಕಂಡಷ್ಟು ಚೆನ್ನಾಗಿ ಚಪ್ಪಾಳೆ ತಟ್ಟಿದವರಿಗೆ ಕಂಡಿರಲಾರದು.

ನಾನು ಮೇಲಿನ ಬೀದಿಯಲ್ಲಿ ಲಾಂಡ್ರಿ ಇಟ್ಟುಕೊಂಡವನು. ಬೀದಿ ಎಂದು ಕರೆಯುವುದು ನಮ್ಮ ದೊಡ್ಡಸ್ತಿಕೆ. ಅದು ಗುಡ್ಡದ ಮೈಗೆ ಕಡಿದ ಮೆಟ್ಟಿಲುಗಳ ಸಾಲು. ಸೈಕಲ್ಲು ಕೂಡ ಹತ್ತುವುದಿಲ್ಲ. ಆಸ್ಪತ್ರೆಯ ಹಾಸು ಹೊದಿಕೆ, ಹೋಟೆಲಿನ ಮೇಜುಬಟ್ಟೆ, ಕ್ಷೌರದಂಗಡಿಯ ಟವೆಲು, ಎಲ್ಲವೂ ಕೆಳಪೇಟೆಯಿಂದ ಗಂಟಾಗಿ ಮೇಲೆ ಬಂದು, ಇಸ್ತ್ರಿಯಾಗಿ ಕೆಳಗಿಳಿಯಬೇಕು. ಹತ್ತಿಸಿ ಇಳಿಸುವವಳು ನನ್ನ ಕತ್ತೆ. ಹೆಸರು ದೊರೆಸಾನಿ. ಮೆಟ್ಟಿಲ ನಡುವೆ ಒಮ್ಮೆ ನಿಂತಳೆಂದರೆ ಹಿಂದೆ ಬರುವವರೂ ಮುಂದೆ ಬರುವವರೂ ಅವಳ ಅಪ್ಪಣೆಗೆ ಕಾಯಬೇಕು. ಅದಕ್ಕೇ ನನ್ನ ಹೆಂಡತಿ ಆ ಹೆಸರಿಟ್ಟಳು. ಪುಸಲಾಯಿಸಿದರೆ ಕದಲುವುದಿಲ್ಲ, ಹೊಡೆದರಂತೂ ಕೂತೇ ಬಿಡುತ್ತಾಳೆ. ನಾನು ಮೆಟ್ಟಿಲ ತುದಿಯಲ್ಲಿ ನಿಂತು ಗಂಟಲು ಹರಿಯುವಂತೆ ಬೈದರೆ ಮಾತ್ರ ಕಿವಿ ನಿಮಿರಿಸಿ, ‘ಇವನ ಕಾಟ ತಪ್ಪಿದ್ದಲ್ಲ’ ಎಂಬ ಮುಖ ಮಾಡಿಕೊಂಡು ಹೊರಡುತ್ತಾಳೆ.

ಆ ಬೇಸಿಗೆಯಲ್ಲಿ ದೊರೆಸಾನಿ ತುಂಬಿದ ಗಬ್ಬದಲ್ಲಿದ್ದಳು. ಕತ್ತೆ ಈಯಲು ವರ್ಷ ತುಂಬಬೇಕು, ಕೆಲವೊಮ್ಮೆ ಅದಕ್ಕೂ ಮಿಕ್ಕಿ. ಹೊಟ್ಟೆ ಇಳಿಬೀಳತೊಡಗಿದ ಮೇಲೆ ಅವಳ ಬೆನ್ನಿಗೆ ಗಂಟು ಹೇರುವುದನ್ನು ಬಿಟ್ಟು ನಾನೇ ಹೊರತೊಡಗಿದೆ. ಸಂಜೆ ಇಸ್ತ್ರಿ ಪೆಟ್ಟಿಗೆ ಆರಿಸಿ ಅವಳ ಪಕ್ಕೆಗೆ ಅಂಗೈಯಿಟ್ಟು ಕೂತರೆ ಒಳಗಿನಿಂದ ಮರಿ ಒದೆಯುವುದು ತಿಳಿಯುತ್ತಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: “ಮದುವೆಯಾಗಿ ಹೋದಳಲ್ಲ, ಆ ಮಗಳು ನನ್ನ ಹೊಟ್ಟೇಲಿದ್ದಾಗ ಒಂದು ಕೊಡ ನೀರು ಎತ್ತಿಕೊಡಲಿಲ್ಲ ನೀವು. ಈಗ ನೋಡಿ, ಬಾಣಂತನಕ್ಕೆ ಬಂದ ತವರಿನವರ ಹಾಗೆ ಕೂತಿದ್ದೀರಿ.” ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬನ ಸೊತ್ತಲ್ಲ ಎಂಬುದು ತಮಗೂ ತಿಳಿದಿರಲಿ.

ಇನ್ನು ಷಡ್ಡಕ. ನನ್ನ ಹೆಂಡತಿಯ ತಂಗಿಯ ಗಂಡ. ಶಾಲಾ ವ್ಯಾನು ಓಡಿಸುತ್ತಿದ್ದವನು. ಎತ್ತರದ ಆಳು, ಬಾಯಿ ತುಂಬ ಮಾತು, ಮಾತು ಮುಗಿದರೆ ಹಾಡು. ನಾನು ಹೆಂಡತಿಯ ತವರಿಗೆ ಹೋದರೆ “ಬಂದ್ಯೇನಪ್ಪ” ಎನ್ನುವ ನಮ್ಮ ಅತ್ತೆ ಅವನು ಹೋದರೆ “ಅಯ್ಯೋ, ಬಿಸಿಲಲ್ಲಿ ಬಂದ್ಯಲ್ಲೋ ಕಂದ” ಎನ್ನುತ್ತಾರೆ. ಅದೇ ಬಿಸಿಲಲ್ಲಿ ನಾನೂ ನಡೆದು ಬಂದಿರುತ್ತೇನೆ. ಅವನು ವ್ಯಾನಿನಲ್ಲಿ ಬಂದಿರುತ್ತಾನೆ. ಊಟಕ್ಕೆ ಕೂತರೆ ಮೊದಲ ಸೌಟು ಅವನ ತಟ್ಟೆಗೆ. ಅವನ ಇನ್ನೊಂದು ವಿದ್ಯೆ ಅಣಕ. ನಾನು ಕತ್ತೆಯನ್ನು ಬೈಯುವ ಪರಿಯನ್ನು ನನ್ನದೇ ದನಿಯಲ್ಲಿ, ನನ್ನದೇ ಕೆಮ್ಮಿನ ಸಮೇತ ಮಾಡಿ ತೋರಿಸಿ, ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುವಂತೆ ಮಾಡುತ್ತಿದ್ದ. ನನ್ನ ಹೆಂಡತಿಯೂ ನಗುತ್ತಿದ್ದಳು. ಪ್ರಾಣಿಗಳ ಮೇಲೆ ಅವನಿಗಿದ್ದ ಪ್ರೀತಿ ಎಷ್ಟೆಂದರೆ, ನಮ್ಮ ಮನೆಗೆ ಬಂದಾಗಲೆಲ್ಲ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ದೊರೆಸಾನಿಯನ್ನು ದಾಟುತ್ತಿದ್ದ.

ಈ ಮಹಾನುಭಾವ ತಮ್ಮ ‘ಪ್ರಾಣಿರಕ್ಷಣಾ ಸ್ವಯಂಸೇವಕ ದಳ’ಕ್ಕೆ ಸೇರಿದ್ದು ಹೇಗೆಂಬುದು ತಮಗೆ ಗೊತ್ತೇ? ತಮ್ಮವರು ಗ್ರಂಥಾಲಯದ ಸಭಾಂಗಣದಲ್ಲಿ ಹೆಸರು ಬರೆದುಕೊಳ್ಳುತ್ತಾರೆಂದು ತಿಳಿದು ಅಂಗಡಿ ಮುಚ್ಚಿ ಹೊರಟವನು ನಾನು. ದಾರಿಯಲ್ಲಿ ಸಿಕ್ಕಿದ್ದಕ್ಕೆ ವ್ಯಾನಿಗೆ ಹತ್ತಿಸಿಕೊಂಡು ಬಿಡಲು ಬಂದವನು ಅವನು. ಮೇಜಿನ ಹಿಂದಿದ್ದ ತಮ್ಮ ಗುಮಾಸ್ತರು ತಲೆಯೆತ್ತದೆ ಕೇಳಿದರು: “ವಾಹನ ಏನಿದೆ?”

“ಕತ್ತೆ ಇದೆ ಸಾರ್.”

ಸಭಾಂಗಣ ಗೊಳ್ಳೆಂದಿತು. ಗುಮಾಸ್ತರಿಗೂ ನಗು ತಡೆಯಲಾಗಲಿಲ್ಲ. “ಕತ್ತೆ ಕಾಪಾಡೋಕೆ ಕತ್ತೆ ಮೇಲೆ ಹೋಗ್ತೀರಾ?”

“ನಮ್ಮ ಬೀದಿಗೆ ಬೇರೆ ಏನೂ ಬರಲ್ಲ ಸಾರ್. ಅದಕ್ಕೇ ಹೇಳಿದೆ.”

“ವಾಹನ, ಚಾಲನಾ ಪರವಾನಗಿ, ಎರಡೂ ಬೇಕು. ನಿಯಮ ನಾನು ಮಾಡಿದ್ದಲ್ಲ.” ಹಾಗೆಂದವರು ಕಿಟಕಿಯಿಂದ ಹೊರಗೆ ನೋಡಿದರು. “ಆ ವ್ಯಾನ್ ಯಾರದು?”

ಮುಗಿಯಿತು. ಹೊರಗೆ ವ್ಯಾನಿಗೆ ಒರಗಿ ಹಾಡು ಗುನುಗುತ್ತಿದ್ದವನನ್ನು ಒಳಗೆ ಕರೆಸಿ, ಕೈಗೆ ಕಿತ್ತಳೆ ಬಣ್ಣದ ಜಾಕೆಟ್ಟು ಕೊಟ್ಟರು. ತನ್ನ ಇಚ್ಛೆಯಿಂದ ಬಂದವನನ್ನು ಹೊರಗೆ ಕಳಿಸಿ, ಬಾರದವನನ್ನು ಕರೆಸಿಕೊಂಡು ‘ಸ್ವಯಂಸೇವಕ’ ಎಂದು ಹೆಸರಿಟ್ಟ ತಮ್ಮ ಭಾಷಾಜ್ಞಾನಕ್ಕೆ ನಾನು ತಲೆಬಾಗುತ್ತೇನೆ. ಮುಂದಿನ ಭಾನುವಾರ ಅವನು ಆ ಜಾಕೆಟ್ಟು ತೊಟ್ಟುಕೊಂಡೇ ಅತ್ತೆಯ ಮನೆಗೆ ಊಟಕ್ಕೆ ಬಂದ. ಮೊದಲ ಸೌಟಿನ ಜೊತೆ ಎರಡನೆಯದೂ ಅವನ ತಟ್ಟೆಗೇ ಬಿತ್ತು.

ಬೆಂಕಿಯ ದಿನದ ವಿಷಯ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಗುಡ್ಡದ ಬೆನ್ನ ಹಿಂದಿನಿಂದ ಹೊಗೆ ಎದ್ದಿತು. ಹಗ್ಗದ ಮೇಲೆ ಒಣಹಾಕಿದ ಆಸ್ಪತ್ರೆಯ ಬಿಳಿ ಹಾಸುಗಳ ಮೇಲೆ ಬೂದಿ ಉದುರತೊಡಗಿತು. ನಾನು ಮೊದಲು ಸಿಟ್ಟಾದದ್ದು, ಮತ್ತೆ ಒಗೆಯಬೇಕಲ್ಲ ಎಂದು. ಆಮೇಲೆ ಗಾಳಿ ತಿರುಗಿತು. ತಮ್ಮ ಧ್ವನಿವರ್ಧಕ ಕೂಗಿತು: ಎಲ್ಲರೂ ಕೆಳಗಿಳಿಯಿರಿ, ಬಸ್ಸು ಸಿದ್ಧವಿದೆ. ಹೆಂಡತಿ ಒಂದು ಚೀಲ ಹಿಡಿದಳು, ನಾನು ದೊರೆಸಾನಿಯ ಹಗ್ಗ ಹಿಡಿದೆ. ಬಸ್ಸಿನ ಬಾಗಿಲಲ್ಲಿ ನಿಂತ ತಮ್ಮ ಸಿಬ್ಬಂದಿ ಕೈ ಅಡ್ಡ ಮಾಡಿದರು.

“ಪ್ರಾಣಿಗಳಿಗೆ ಅವಕಾಶ ಇಲ್ಲ.”

ಕತ್ತೆಯನ್ನು ಬಸ್ಸಿಗೆ ಹತ್ತಿಸಿ ಕಿಟಕಿಯ ಪಕ್ಕ ಕೂರಿಸಿ ಎಂದು ನಾನು ಕೇಳಲಿಲ್ಲ. ನನಗೂ ಅಷ್ಟು ಲೋಕಜ್ಞಾನವಿದೆ. “ನಾನು ಇವಳ ಜೊತೆ ನಡ್ಕೊಂಡೇ ಬರ್ತೀನಿ. ಸೇತುವೆ ದಾಟಿಸ್ತೀನಿ, ಅಷ್ಟೇ” ಎಂದೆ. “ರಸ್ತೆ ವಾಹನಕ್ಕೆ ಮಾತ್ರ. ನಡೆಯೋ ಹಾಗಿಲ್ಲ. ನೀವು ಹತ್ತಿ, ಅದನ್ನ ಬಿಡಿ” ಎಂದರು. ನನ್ನ ಹಿಂದೆ ನಮ್ಮ ಕೆಳಮನೆಯ ಗಡಿಯಾರ ರಿಪೇರಿಯವರು ನಿಂತಿದ್ದರು. ಒಂಟಿ ಮನುಷ್ಯ; ಎದೆಗೆ ಅವಚಿಕೊಂಡಿದ್ದ ಮುದಿ ನಾಯಿ ಎರಡೂ ಕಣ್ಣಿಗೆ ಪೊರೆ ಬಂದದ್ದು, ತೂಕದಲ್ಲಿ ಒಂದು ತಲೆದಿಂಬಿನಷ್ಟಿದ್ದೀತು. ಅದಕ್ಕೂ ಅದೇ ಉತ್ತರ. “ತೊಡೆ ಮೇಲೆ ಇಟ್ಕೋತೀನಿ, ಯಾರಿಗೂ ತೊಂದ್ರೆ ಇಲ್ಲ” ಎಂದು ಅವರು ಬೇಡಿಕೊಂಡರು. “ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗುತ್ತೆ” ಎಂದರು ತಮ್ಮವರು. ಎಂಥ ಸಮಾನತೆ! ಗಡಿಯಾರದವರು ನನ್ನ ಕಡೆ ತಿರುಗಿ ಮೆಲ್ಲಗೆ, “ಲಾಂಡ್ರಿಯಣ್ಣ, ಇವನು ಕುರುಡ. ನಾನಿಲ್ದೆ ಯಾವ ಕಡೆ ಓಡ್ತಾನೆ? ನೀವು ನಡೀರಿ, ನಾನು ಮುಂದಿನ ಬಸ್ಸಿಗೆ ಬರ್ತೀನಿ” ಎಂದು ಹೇಳಿ ಮತ್ತೆ ಮೆಟ್ಟಿಲು ಹತ್ತಿದರು.

ನಾನೂ ಹತ್ತಿದೆ. ನಮ್ಮ ಒಗೆಯುವ ಕಟ್ಟೆಯ ಸುತ್ತ ಹುಲ್ಲುಕಡ್ಡಿ ಇಲ್ಲದ ಬಯಲಿದೆ, ತೊಟ್ಟಿಯಲ್ಲಿ ನೀರಿದೆ. ದೊರೆಸಾನಿಯನ್ನು ಅಲ್ಲಿ ನಿಲ್ಲಿಸಿ, ಮೈಮೇಲೆ ನೀರು ಸುರಿದು, ಕೊರಳಿನ ಹಗ್ಗ ಬಿಚ್ಚಿದೆ. ಕಟ್ಟಿ ಹೋದರೆ ಓಡಲಾರಳು. ಕೆಳಗಿನಿಂದ ಹೆಂಡತಿ ನನ್ನನ್ನು ಕೂಗುತ್ತಿದ್ದಳು. ನಾನು ಹೋಗದೆ ತಾನು ಬಸ್ಸು ಹತ್ತುವವಳಲ್ಲ ಎಂದು ನನಗೆ ಗೊತ್ತಿತ್ತು. ಇಳಿಯುವಾಗ ಹಿಂದಿನಿಂದ ಗೊರಸಿನ ಸದ್ದು ಮೆಟ್ಟಿಲ ತುದಿಯವರೆಗೂ ಬಂತು. ನಾನು ತಿರುಗಿ ನೋಡಲಿಲ್ಲ.

ಹೆಂಡತಿಯನ್ನು ಸೇತುವೆಯಾಚೆಯ ಪರಿಹಾರ ಕೇಂದ್ರದಲ್ಲಿ ಅವಳ ತಂಗಿಯ ಪಕ್ಕ ಕೂರಿಸಿ, ಒಂದು ಒದ್ದೆ ಹಾಸು ತಲೆಗೆ ಹೊದ್ದುಕೊಂಡು ಸೇತುವೆಗೆ ಓಡಿದೆ. ಅಲ್ಲಿ ತಡೆಗಂಬ, ತಡೆಗಂಬಕ್ಕೊಬ್ಬ ಕಾವಲುಗಾರ.

“ಜಾಕೆಟ್ ಎಲ್ಲಿ?”

“ನನ್ನ ಮನೆಗೆ ಹೋಗೋಕೆ ನನಗ್ಯಾಕಪ್ಪ ಜಾಕೆಟ್ಟು?”

“ಪ್ರಾಣಿ ತರೋಕೆ ಸ್ವಯಂಸೇವಕರಿದ್ದಾರೆ. ಮಾಲೀಕರಿಗೆ ಪ್ರವೇಶ ಇಲ್ಲ.”

ಅಷ್ಟರಲ್ಲಿ ನನ್ನ ಹಿಂದೆ ಪರಿಚಯದ ಹಾರನ್ನು. ವ್ಯಾನಿನ ಹಿಂದಿನ ಸೀಟುಗಳನ್ನೆಲ್ಲ ಕಳಚಿಟ್ಟು ಬಂದಿದ್ದ ಷಡ್ಡಕ. ಕಾವಲುಗಾರ ತಡೆಗಂಬ ಎತ್ತಿದ. ಷಡ್ಡಕ ತಲೆ ಹೊರಗೆ ಹಾಕಿ, “ಅಣ್ಣಾ, ಎಲ್ಲಿ ಬಿಟ್ಟಿದೀಯ ಅವಳನ್ನ?” ಎಂದ. “ಒಗೆಯೋ ಕಟ್ಟೆ ಹತ್ರ. ನನ್ನನ್ನೂ ಹತ್ತಿಸ್ಕೊಳ್ಳೋ” ಎಂದೆ. ಕಾವಲುಗಾರ ಒಪ್ಪಲಿಲ್ಲ. ಆಗ ಷಡ್ಡಕ ವ್ಯಾನಿನಿಂದ ಇಳಿದು, ಜಾಕೆಟ್ಟು ಕಳಚಿ ನನ್ನ ಕೈಗಿಟ್ಟ. “ತಗೋ. ನಿನ್ನ ಕತ್ತೆ, ನೀನೇ ಹೋಗು. ನಾನು ಇಲ್ಲಿರ್ತೀನಿ.” ಕಾವಲುಗಾರ ನನ್ನನ್ನು ಕೇಳಿದ: “ಗಾಡಿ ಓಡ್ಸೋಕೆ ಬರುತ್ತಾ?”

ಬರುವುದಿಲ್ಲ, ಮಾನ್ಯರೇ. ಜೀವಮಾನವೆಲ್ಲ ಕತ್ತೆಯ ಹಿಂದೆ ನಡೆದವನಿಗೆ ಎಲ್ಲಿಂದ ಬರಬೇಕು? ಜಾಕೆಟ್ಟು ಹಿಂದಿರುಗಿಸಿದೆ. ಅವನು ಹೋದ. ತಡೆಗಂಬ ಕೆಳಗಿಳಿಯಿತು. ಆ ಹೊತ್ತಿನಲ್ಲಿ ಅವನು ಅಷ್ಟೊಂದು ಒಳ್ಳೆಯವನಾಗಬೇಕಿತ್ತೇ? ಗರ್ವದಿಂದ ಗಾಜು ಏರಿಸಿಕೊಂಡು ಹೋಗಿದ್ದರೆ ನಾನು ಇಂದು ನೆಮ್ಮದಿಯಾಗಿ ಅವನನ್ನು ದ್ವೇಷಿಸಿಕೊಂಡು ಇರಬಹುದಿತ್ತು. ಅದನ್ನೂ ಅವನು ನನಗೆ ಉಳಿಸಲಿಲ್ಲ.

ಹೊತ್ತು ಇಳಿಯುವ ವೇಳೆಗೆ ವ್ಯಾನು ಹಿಂದಿರುಗಿತು. ಮುಂದಿನ ಸೀಟಿನಲ್ಲಿ ಗಡಿಯಾರದವರು ಕಣ್ಣು ಮುಚ್ಚಿ ಒರಗಿದ್ದರು, ಅವರ ಅಂಗಿಯೊಳಗೆ ಕುರುಡು ನಾಯಿ. ಹಿಂದಿನ ತೆರೆದ ಬಾಗಿಲಿನಿಂದ ಕತ್ತು ಹೊರಗೆ ಚಾಚಿ ನಿಂತಿದ್ದವಳು ದೊರೆಸಾನಿ. ಹುಬ್ಬಿನ ಕೂದಲು ಸೀದು ಹೋಗಿತ್ತು. ನಾನು ಹತ್ತಿರ ಓಡುವುದರೊಳಗೆ ವ್ಯಾನು ಆಸ್ಪತ್ರೆಯ ಕಡೆ ತಿರುಗಿತು.

ನಡೆದದ್ದೇನೆಂದು, ಫಲಕ ಕೊಟ್ಟ ಸಮಾರಂಭದ ತಮ್ಮ ಭಾಷಣದಲ್ಲಿ ಅರ್ಧ ಹೇಳಿದಿರಿ. ಉಳಿದರ್ಧ ಹೀಗಿದೆ. ವ್ಯಾನು ಮೆಟ್ಟಿಲ ಬುಡದಲ್ಲೇ ನಿಂತಿತು, ನಿಲ್ಲದೆ ಇನ್ನೇನು? ಷಡ್ಡಕ ಕಾಲ್ನಡಿಗೆಯಲ್ಲಿ ಹತ್ತಿದ. ಗಡಿಯಾರದವರ ಮನೆಯಿಂದ ನಾಯಿಯ ಕೂಗು ಕೇಳಿ, ಕಾದು ಕೆಂಡವಾಗಿದ್ದ ಕಬ್ಬಿಣದ ಗೇಟನ್ನು ಬರಿಗೈಯಲ್ಲಿ ತಳ್ಳಿ ಒಳಗೆ ಹೋದ. ಅವರು ಹೊಗೆ ಕುಡಿದು ಬಿದ್ದಿದ್ದರು. ಅಷ್ಟು ಮೆಟ್ಟಿಲುಗಳನ್ನು ಅವರನ್ನು ಹೊತ್ತು ಇಳಿಯುವುದು ಒಬ್ಬನಿಂದ ಆಗುವ ಕೆಲಸವಲ್ಲ. ಅವರನ್ನು ಇಳಿಸಿದವಳು ನನ್ನ ಕತ್ತೆ. ಹೊಟ್ಟೆಯಲ್ಲಿ ತುಂಬಿದ ಮರಿ, ಬೆನ್ನ ಮೇಲೆ ಪ್ರಜ್ಞೆಯಿಲ್ಲದ ಮನುಷ್ಯ. ಒಂದೊಂದೇ ಮೆಟ್ಟಿಲು ಇಳಿದಳು. “ವಾಹನ ಏನಿದೆ?” ಎಂದು ಕೇಳಿದ ತಮ್ಮ ಗುಮಾಸ್ತರಿಗೆ ಈ ಸಂಗತಿಯನ್ನು ದಯವಿಟ್ಟು ತಿಳಿಸಿ. ಗಡಿಯಾರದವರು ಬದುಕಿದ್ದಾರೆ. ಆದರೆ ನಾಲ್ಕು ಮಾತಾಡಿದರೆ ಉಬ್ಬಸ, ಮೆಟ್ಟಿಲು ಹತ್ತಿ ಮೇಲಿನ ಬೀದಿಯ ಮನೆ ಸೇರುವುದು ಅವರಿಗಿನ್ನು ಇಲ್ಲ. ತಮ್ಮವರು ಅವರನ್ನು ‘ಸೂಚನೆ ಉಲ್ಲಂಘಿಸಿ ಹಿಂದಿರುಗಿದ ವ್ಯಕ್ತಿ’ ಎಂದು ಕರೆದಿದ್ದಾರೆ. ತೊಡೆಯ ಮೇಲೆ ಒಂದು ನಾಯಿಗೆ ಜಾಗ ಕೊಟ್ಟಿದ್ದರೆ ಆ ವ್ಯಕ್ತಿ ಹಿಂದಿರುಗುತ್ತಿದ್ದರೇ? ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹಿಡಿದವರು ಯಾರು?

ಪ್ರಾಣಿಗಳ ಪರಿಹಾರ ಕೇಂದ್ರವನ್ನು ತಾವು ಆಟದ ಮೈದಾನದಲ್ಲಿ ತೆರೆದಿರಿ. ನೆರಳಿತ್ತು, ನೀರಿತ್ತು, ಪಶುವೈದ್ಯೆ ಇದ್ದರು, ಸುಳ್ಳು ಹೇಳಲಾರೆ. ಆದರೆ ಸುತ್ತ ತಂತಿಬಲೆ, ಬಾಗಿಲಲ್ಲಿ ಅದೇ ಮಂತ್ರ: ಮಾಲೀಕರಿಗೆ ಪ್ರವೇಶವಿಲ್ಲ. ಮರುದಿನ ಬೆಳಗ್ಗೆ ಹೋದಾಗ ದೊರೆಸಾನಿ ನೆಲ ಕೆರೆಯುತ್ತಿದ್ದಳು, ಕೂತು ಏಳುತ್ತಿದ್ದಳು, ಬಾಲ ಪಕ್ಕಕ್ಕೆ ಸರಿಸಿದ್ದಳು. ಹಿಂದಿನ ದಿನದ ಶ್ರಮಕ್ಕೆ ಹೊತ್ತಿಗೆ ಮುಂಚೆಯೇ ನೋವು ಬಂದಿತ್ತು. ಕಾವಲುಗಾರನಿಗೆ ಹೇಳಿದೆ. “ಒಳಗೆ ಸ್ವಯಂಸೇವಕರಿದ್ದಾರೆ” ಎಂದ. ಇದ್ದದ್ದು ಷಡ್ಡಕ, ಬಲಗೈಗೆ ಮೊಣಕೈವರೆಗೆ ಬಿಳಿ ಪಟ್ಟಿ, ಮೈಮೇಲೆ ಆ ಜಾಕೆಟ್ಟು. ವೈದ್ಯೆ ಮೈದಾನದ ಆ ತುದಿಯಲ್ಲಿ ಒಂದು ಹಸುವಿನ ಸುಟ್ಟಗಾಯಕ್ಕೆ ಔಷಧಿ ಹಚ್ಚುತ್ತಿದ್ದರು.

“ಅಣ್ಣಾ!” ಷಡ್ಡಕ ನನ್ನನ್ನು ನೋಡಿ ಅರಚಿದ. “ಕಾಲು ಕಾಣ್ತಿದೆ! ಎಳೀಲಾ?”

“ಎಳೀಬೇಡ! ಮುಟ್ಟಬೇಡ! ಮೂತಿ ಬಂತಾ ನೋಡು!”

“ಬಂತು… ಅಣ್ಣಾ, ಅಲ್ಲಾಡ್ತಿಲ್ಲ!”

“ಮೂಗಿನ ಮೇಲಿನ ಪೊರೆ ತೆಗೆಯೋ! ಬಟ್ಟೇಲಿ ಒರಸು, ಉಜ್ಜು, ಗಟ್ಟಿಯಾಗಿ ಉಜ್ಜು!”

“ಗಲಾಟೆ ಮಾಡಬೇಡಿ, ಪ್ರಾಣಿಗಳು ಹೆದರ್ತಾವೆ” ಎಂದ ಕಾವಲುಗಾರ. ನಾನು ತಂತಿಬಲೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಷಡ್ಡಕ ಜಾಕೆಟ್ಟು ಕಳಚಿ, ಒಂದೇ ಕೈಯಲ್ಲಿ ಮರಿಯನ್ನು ಉಜ್ಜಿದ. ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುತ್ತಿದ್ದ ಮನುಷ್ಯ ಆ ಲೋಳೆಯಲ್ಲಿ ಮಂಡಿಯೂರಿ ಕೂತು, ಮರಿಯ ಮೂಗಿಗೆ ಬಾಯಿ ಹತ್ತಿರ ಒಯ್ದು ಉಸಿರು ಊದಿದ. ಮರಿ ಸೀನಿತು. ಅವನು ಗೊಳೋ ಎಂದು ಅತ್ತ. “ಹೆಣ್ಣು, ಅಣ್ಣಾ! ಹೆಣ್ಣು!” ಸುತ್ತಲಿದ್ದ ಜಾಕೆಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ವೈದ್ಯೆ ಓಡಿಬಂದು ಅವನ ಬೆನ್ನು ತಟ್ಟಿದರು. ಮರಿ ಕಣ್ಣು ಬಿಟ್ಟು ಈ ಲೋಕದಲ್ಲಿ ಮೊದಲು ಕಂಡದ್ದು ನನ್ನ ಷಡ್ಡಕನ ಮುಖ.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಅವನ ಫಲಕದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ; ಗಾಜು, ಇಂದಲ್ಲ ನಾಳೆ ಒಡೆಯುತ್ತದೆ. ಫೋಟೊದ ಬಗ್ಗೆ ಇದೆ, ಆದರೆ ಸ್ವಲ್ಪ. ನನಗೆ ತಡೆಯಲಾಗದ ಕಿಚ್ಚು ಆ ಬಿಳಿ ಪಟ್ಟಿಯ ಮೇಲೆ. ಅದು ನನ್ನ ಕೈಗೆ ಸುತ್ತಬೇಕಾದ ಪಟ್ಟಿ. ಆ ಗೇಟು ನನ್ನ ನೆರೆಯವರದು, ಆ ಕತ್ತೆ ನನ್ನದು, ಆ ಉಸಿರು ನಾನು ಊದಬೇಕಾದದ್ದು. ಒಬ್ಬ ಮನುಷ್ಯನ ಸುಟ್ಟಗಾಯವನ್ನು ಕಂಡು ಕರುಬುವ ಸ್ಥಿತಿಗೆ ಇನ್ನೊಬ್ಬ ಮನುಷ್ಯನನ್ನು ತಂದಿಟ್ಟ ಕಚೇರಿ ಈ ಪ್ರಪಂಚದಲ್ಲಿ ಬೇರೆ ಇದೆಯೇ?

ಬೆಂಕಿ ಆರಿದ ಮೇಲೆ ನಾವು ಮೇಲಿನ ಬೀದಿಗೆ ಮರಳಿದೆವು. ಮನೆಯ ಚಾವಣಿ ಅರ್ಧ ಹೋಗಿತ್ತು, ಒಗೆಯುವ ಕಟ್ಟೆ ಹಾಗೆಯೇ ಇತ್ತು. ದೊರೆಸಾನಿ ಎರಡೇ ದಿನಕ್ಕೆ ಹಳೆಯ ಗತ್ತಿಗೆ ಮರಳಿದಳು. ಮರಿ ಮಾತ್ರ ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಬೆಳಗ್ಗೆ ಕೆಳಗೆ ವ್ಯಾನಿನ ಹಾರನ್ನು ಕೇಳಿಸಿತೋ, ಆ ಕೋಲು ಕಾಲುಗಳಲ್ಲಿ ಮೆಟ್ಟಿಲ ತುದಿಗೆ ಓಡುತ್ತದೆ. ಕೈಗೆ ಪಟ್ಟಿ ಇರುವುದರಿಂದ ಓಡಿಸುವವರು ಬೇರೆಯವರು, ಅವನು ಪಕ್ಕದ ಸೀಟಿನಿಂದ ಇಳಿದು ಬರುತ್ತಾನೆ. ಬಂದು ಕೂತರೆ ಅವನ ಕಂಕುಳಿಗೆ ಮೂತಿ ತೂರಿಸುತ್ತದೆ. ನಾನು ಬೆಲ್ಲ ಹಿಡಿದು ನಿಂತರೆ ಬೆಲ್ಲ ತಿಂದು ಅವನ ಹತ್ತಿರ ಹೋಗುತ್ತದೆ. ಇದನ್ನು ಕಂಡ ನಮ್ಮ ಅತ್ತೆ, “ಮೂಕಪ್ರಾಣಿಗೂ ಗೊತ್ತಾಗುತ್ತಪ್ಪ ಯಾರು ಒಳ್ಳೇವ್ರು ಅಂತ” ಎಂದರು.

ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ. ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದೆವು.

“ಅವತ್ತು ಅವಳು ನಿನ್ನ ಮಾತು ಹೇಗೆ ಕೇಳಿದ್ಲು? ಕೊರಳಲ್ಲಿ ಹಗ್ಗ ಇರಲಿಲ್ಲ. ಗುರುತಿಲ್ಲದವರು ಕರೆದ್ರೆ ಅವಳು ಹೆಜ್ಜೆ ಕಿತ್ತಿಡಲ್ಲ.”

ಅವನು ತಲೆ ತಗ್ಗಿಸಿ ಪಟ್ಟಿಯ ಅಂಚು ಕೀಳುತ್ತ ಕೂತ. ಕೊನೆಗೆ ಹೇಳಿದ: “ಬರಲಿಲ್ಲ ಅಣ್ಣ. ಕರೆದೆ, ತಳ್ಳಿದೆ, ಬೇಡ್ಕೊಂಡೆ. ತೊಟ್ಟಿ ಪಕ್ಕ ಕಲ್ಲಿನ ಹಾಗೆ ನಿಂತಿದ್ಲು. ಮೇಲಿನ ಮನೆ ಹೊತ್ಕೊಂಡಿತ್ತು, ಕೆಳಗೆ ಗಡಿಯಾರದವರು ಬಿದ್ದಿದ್ರು. ನನಗೆ ಬೇರೆ ದಾರಿ ತೋಚಲಿಲ್ಲ. ನಿನ್ನ ದನಿ ಮಾಡಿದೆ.”

“ಏನು ಮಾಡಿದೆ?”

“ನೀನು ಬೈತೀಯಲ್ಲ, ಹಂಗೇ ಬೈದೆ. ಆ ಕೆಮ್ಮೂ ಹಾಕಿದೆ. ಕಿವಿ ನಿಮಿರಿಸಿದ್ಲು. ಸುತ್ತ ಹುಡುಕಿದ್ಲು, ನೀನೆಲ್ಲಿ ಅಂತ. ಕಾಣಲಿಲ್ಲ. ಮತ್ತೆ ಬೈದೆ. ಬಂದ್ಲು. ಕೆಳಗಿನ ತನಕ ಬೈತಾನೇ ಬಂದೆ ಅಣ್ಣ, ನಿಲ್ಲಿಸಿದ್ರೆ ನಿಂತುಬಿಡ್ತಿದ್ಲು. ನನಗೆ ಉಸಿರಾಡೋಕೆ ಹೊಗೆ ಬಿಟ್ರೆ ಏನೂ ಇರಲಿಲ್ಲ, ಆದ್ರೂ ಬೈದೆ.” ಪಟ್ಟಿಯ ಎಳೆಯೊಂದನ್ನು ಕಿತ್ತು ಸೇರಿಸಿದ: “ಇಷ್ಟು ದಿನ ನಗಾಡೋಕೆ ಮಾಡ್ತಿದ್ದೆ.”

ಇದನ್ನು ಕೇಳಿ ನನ್ನ ಕಿಚ್ಚು ತಣ್ಣಗಾಯಿತೆಂದು ತಾವು ಊಹಿಸಿದರೆ ತಮಗೆ ಮನುಷ್ಯರ ಪರಿಚಯವಿಲ್ಲ. ಇಮ್ಮಡಿಯಾಯಿತು! ನಾನು ಸೇತುವೆಯ ಮೇಲೆ ಕೈಕಟ್ಟಿ ನಿಂತಿದ್ದಾಗ ನನ್ನ ದನಿ ಬೆಂಕಿಯೊಳಗೆ ಹೋಗಿ ಬಂದಿದೆ, ಆದರೆ ಅವನ ಗಂಟಲಿನಲ್ಲಿ. ಅವಳು ನನ್ನನ್ನು ಹುಡುಕಿದ್ದಾಳೆ, ನಾನಿರಲಿಲ್ಲ. ಆ ಸಂಜೆ ನಾನು ಊಟ ಮಾಡಲಿಲ್ಲ. ಹೆಂಡತಿ ಕಾರಣ ಕೇಳಿ, ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಅವನ ಮೇಲೆ ಸಿಟ್ಟು ಮಾಡ್ಕೊಂಡ್ರೆ ಅವತ್ತಿನ ದಿನ ವಾಪಸ್ ಬರುತ್ತೇನ್ರೀ? ಸಿಟ್ಟು ಮಾಡ್ಬೇಕಾದ ಕಡೆ ಮಾಡಿ” ಎಂದಳು. ಹಾಗಾಗಿ ತಮ್ಮ ಕ್ಷೇಮ ವಿಚಾರಿಸುವ ಈ ಪತ್ರ.

ಇಷ್ಟೇ ಆಗಿದ್ದರೆ ಇದನ್ನು ಮನೆಯಲ್ಲೇ ಓದಿ ಹರಿದು ಹಾಕುತ್ತಿದ್ದೆನೇನೋ. ಆದರೆ ಕಳೆದ ವಾರ ಷಡ್ಡಕ ಬಂದವನು ಹಾಡಲಿಲ್ಲ. ಮರಿ ಮೂತಿ ಉಜ್ಜಿದರೂ ಅದರ ತಲೆ ಸವರಲಿಲ್ಲ. ಅವನ ಬಲ ಅಂಗೈಯ ಚರ್ಮ ಬಿಗಿದುಕೊಂಡು ಬೆರಳುಗಳು ಮಡಚದಾಗಿವೆ. ಸ್ಟಿಯರಿಂಗ್ ಹಿಡಿಯಲು ಇನ್ನು ಆಗದು ಎಂದು ವೈದ್ಯರು ಹೇಳಿದ್ದಾರೆ. ಶಾಲೆಯ ವ್ಯಾನು ಕಾಯಮ್ಮಾಗಿ ಬೇರೆಯವರ ಪಾಲಾಯಿತು. ಅದರ ಬೆನ್ನಿಗೇ ತಮ್ಮ ಕಚೇರಿಯಿಂದ ಫೋನು: ಚಾಲನೆಗೆ ಅನರ್ಹರಾದವರು ದಳದಲ್ಲಿ ಇರುವಂತಿಲ್ಲ, ಜಾಕೆಟ್ಟನ್ನು ಒಗೆದು, ಇಸ್ತ್ರಿ ಮಾಡಿ ಹಿಂದಿರುಗಿಸತಕ್ಕದ್ದು. ಜಾಕೆಟ್ಟನ್ನು ನನಗೇ ತಂದುಕೊಟ್ಟ. “ನೀನೇ ಒಗೆದುಕೊಡು ಅಣ್ಣ. ನನ್ನ ಕೈಲಿ ಹಿಂಡೋಕೆ ಆಗಲ್ಲ.”

ಮಾನ್ಯರೇ, ಒಂದು ಕೈಯಿಂದ ಫಲಕ ಕೊಟ್ಟು ಇನ್ನೊಂದು ಕೈಯಿಂದ ಜಾಕೆಟ್ಟು ಕಿತ್ತುಕೊಳ್ಳುವ ಈ ಕೈಚಳಕವನ್ನು ತಾವು ಎಲ್ಲಿ ಕಲಿತಿರಿ? ಆ ಕೈ ಎಲ್ಲಿ ಸುಟ್ಟಿತು ಎಂಬುದನ್ನು ಮೈಕಿನ ಮುಂದೆ ಗದ್ಗದಿತರಾಗಿ ಹೇಳಿದವರು ತಾವೇ ಅಲ್ಲವೇ? ಬೆಂಕಿಯಲ್ಲಿ ಹೆದರಿ ನಿಂತ ಪ್ರಾಣಿಯನ್ನು ಕರೆತರಲು ಸ್ಟಿಯರಿಂಗ್ ಬೇಕೋ, ಅದಕ್ಕೆ ಗುರುತಿರುವ ದನಿ ಬೇಕೋ? ಮನೆಯವರನ್ನು ಹೊರಗೆ ನಿಲ್ಲಿಸಿ ಪ್ರಾಣಿಯನ್ನು ಕಾಪಾಡುತ್ತೇವೆನ್ನುವುದು, ಅಮ್ಮನನ್ನು ಬಾಗಿಲಾಚೆ ನಿಲ್ಲಿಸಿ ಕೂಸಿಗೆ ಜೋಗುಳ ಹಾಡಿದಂತೆ. ಬಸ್ಸಿನಲ್ಲಿ ತೊಡೆಯ ಮೇಲಿನ ನಾಯಿಗೆ, ಬುಟ್ಟಿಯೊಳಗಿನ ಬೆಕ್ಕಿಗೆ ಜಾಗ ಕೊಡಿ. ಬಸ್ಸಿಗೆ ಹತ್ತದವುಗಳನ್ನು ನಡೆಸಿಕೊಂಡು ಹೋಗಲು ರಸ್ತೆಯ ಒಂದು ಅಂಚು ಬಿಡಿ. ಪ್ರಾಣಿ ಇರುವ ಪ್ರತಿ ಬೀದಿಯಲ್ಲೂ ಅಲ್ಲಿನವರನ್ನೇ ತರಬೇತುಗೊಳಿಸಿ ದಳಕ್ಕೆ ಸೇರಿಸಿಕೊಳ್ಳಿ. ಇದು ಪ್ರಾಣಿಪ್ರಿಯರ ಕಣ್ಣೀರಿನ ಕೋರಿಕೆಯಲ್ಲ. ಪ್ರಾಣಿಯನ್ನು ಬಿಟ್ಟು ಬಾರದ ಮನುಷ್ಯರ ಜೀವ ಉಳಿಸುವ ಲೆಕ್ಕಾಚಾರ. ಬೆಂಕಿ ಬಿದ್ದಾಗ ಬಾವಿ ತೋಡುವ ತಮ್ಮ ಪದ್ಧತಿಯನ್ನು ಒಮ್ಮೆಯಾದರೂ ಮುರಿಯಿರಿ.

ಕಡೆಯ ಬೇಡಿಕೆ ಹೇಳಲು ನನಗೆ ಹಲ್ಲು ಕಚ್ಚಬೇಕಾಗಿದೆ. ನನ್ನ ಷಡ್ಡಕನ ಹೆಸರನ್ನು ದಳದಿಂದ ತೆಗೆಯಬೇಡಿ. ಜಾಕೆಟ್ಟು ಒಗೆದಿದ್ದೇನೆ, ಇಸ್ತ್ರಿ ಮಾಡಿದ್ದೇನೆ, ತಮಗೆ ಕಳಿಸುತ್ತಿಲ್ಲ. ಅವನ ಮನೆಗೇ ಕೊಟ್ಟುಬರುತ್ತೇನೆ. ಸೇತುವೆಯ ಮೇಲೆ ಕೈಕಟ್ಟಿ ನಿಂತು, ಒಳಗೆ ಹೋಗುವವರನ್ನು ನೋಡುತ್ತ ಒಳಗೊಳಗೇ ಬೇಯುವುದು ಏನೆಂದು ನನಗೆ ಗೊತ್ತು. ಅದನ್ನು ನನ್ನ ಶತ್ರುವಿಗೂ ಬಯಸಲಾರೆ, ಅವನಿಗಂತೂ ಬಯಸಲಾರೆ. ನನಗೂ ಒಂದು ಜಾಕೆಟ್ಟು ಕೊಡಿ. ಅವನು ಪಕ್ಕದ ಸೀಟಿನಲ್ಲಿ ಕೂತು ಹೇಳಿಕೊಟ್ಟರೆ ಈ ವಯಸ್ಸಿನಲ್ಲೂ ಗಾಡಿ ಓಡಿಸಲು ಕಲಿಯುತ್ತೇನೆ. ಅವನ ಹೆಸರು ಮೇಲಿರಲಿ, ನನ್ನದು ಅದರ ಕೆಳಗಿರಲಿ. ಈ ಒಂದು ವಾಕ್ಯ ಬರೆಯಲು ನನಗೆ ಎಷ್ಟು ಸಂಕಟವಾಯಿತೆಂಬುದು ತಮಗೆ ಎಂದಿಗೂ ತಿಳಿಯುವುದಿಲ್ಲ.

ಇಂತಿ,
ಕರುಬುವುದನ್ನು ಇನ್ನೂ ಬಿಡಲಾಗದ,
ತಮ್ಮ ಲೆಕ್ಕದಲ್ಲಿ ಬರಿಯ ‘ಮಾಲೀಕ’ನಾದ,
ಮೇಲಿನ ಬೀದಿಯ ಲಾಂಡ್ರಿಯವನು